ಒಂದು ಹಿಡಿ ಬಿಸಿಲುಗಣ್ಣಿ

ದೊಡ್ಡಕ್ಕನ ಕೆಲಸವನ್ನು ಇನ್ನೂ ಎರಡು ವರ್ಷ ಮುಂದುವರಿಸಲಾಗಿದೆ ಎಂಬ ಚೀಟಿಯನ್ನು ಸೋಮವಾರ ಬೆಳಿಗ್ಗೆ ಬಾಗಿಲ ಪಕ್ಕದ ಹಲಗೆಗೆ ಅಂಟಿಸಿದ್ದರು. ಅದನ್ನು ಓದಲು ಸೂಜಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕಾಯಿತು. ಈಚೆಗೆ ಆಫೀಸಿನವರು ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ, ಕಾಗದದಲ್ಲೂ ಜಿಪುಣತನ ಎಂದುಕೊಂಡಳು.

ಅದು ಗಿಡಮೂಲಿಕೆಗಳಿಂದ ಔಷಧಿ ಮಾಡುವ ಕಾರ್ಖಾನೆ. ಹನ್ನೆರಡು ಹೆಂಗಸರು ಒಂದು ಉದ್ದ ಮೇಜಿನ ಎರಡು ಬದಿಗೆ ಕೂತು, ಹೊಲಗಳ ಬದುವಿನಿಂದ ಕಿತ್ತು ತಂದ ಹಸಿ ಸೊಪ್ಪನ್ನು ಸೋಸುತ್ತಾರೆ. ಕಿಟಕಿ ಪಕ್ಕದ, ಕೈ ಇರುವ ಕುರ್ಚಿ ಮೇಜಿನ ಹಿರಿಯಳದು. ದೊಡ್ಡಕ್ಕ ಅದರಲ್ಲಿ ಕೂತು ಇಪ್ಪತ್ತಾರು ವರ್ಷ ಆಗಿತ್ತು. ಎರಡನೆಯ ಜಾಗ ಸೂಜಿಯದು, ಅಲ್ಲಿ ಅವಳು ಕೂತು ಹತ್ತೊಂಬತ್ತು. ಅವಳ ಕಣ್ಣು ಸೂಜಿಮೊನೆ ಎಂದು ಯಾರೋ ಹಿಂದೆ ಹೊಗಳಿದ್ದರು. ಅಂದಿನಿಂದ ಹುಟ್ಟುಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಈಗ ಅವಳಿಗೆ ಐವತ್ತಾರು. ಮೇಜಿನ ಹಿರಿಯಳೊಬ್ಬಳನ್ನು ಬಿಟ್ಟು ಉಳಿದವರನ್ನು ಐವತ್ತೆಂಟಕ್ಕೆ ಮನೆಗೆ ಕಳಿಸುತ್ತಾರೆ. ಎಂದರೆ ದೊಡ್ಡಕ್ಕ ಆ ಕುರ್ಚಿಯಿಂದ ಏಳುವ ದಿನವೇ ಸೂಜಿಯೂ ತನ್ನ ಸ್ಟೂಲಿನಿಂದ ಏಳಬೇಕು.

"ಎರಡು ವರ್ಷ ಅಂದ್ರೆ ಏನ್ ಮಹಾ, ಬಿಡೇ" ಎಂದಳು ಎದುರು ಕೂರುವ ರೇಡಿಯೋ. ಬೆಳಗಿನ ಬೆಲ್ಲಿನಿಂದ ಸಂಜೆಯ ಬೆಲ್ಲಿನವರೆಗೆ ಅವಳ ಬಾಯಿ ಆರುತ್ತಿರಲಿಲ್ಲ. "ಕುರ್ಚಿ ಎಲ್ಲಿಗಾದ್ರೂ ಓಡಿ ಹೋಗುತ್ತಾ?"

"ಕುರ್ಚಿ ಓಡಲ್ಲ. ನನ್ನನ್ನ ಓಡಿಸ್ತಾರೆ."

"ಇನ್ನೊಂದು ಗೊತ್ತಾ? ದೊಡ್ಡಕ್ಕನೇ ಮ್ಯಾನೇಜರ್ ಹತ್ರ ಹೋಗಿ ಕೇಳಿಕೊಂಡ್ರಂತೆ. 'ನಾನಿನ್ನೂ ಹೋಗೋ ಹಾಗಿಲ್ಲ ಸಾರ್, ಒಂದು ಕೆಲಸ ಬಾಕಿ ಇದೆ' ಅಂದ್ರಂತೆ."

ಸೂಜಿಯ ಎದೆಯಲ್ಲಿ ಏನೋ ಮುರಿದದ್ದು ಆಗ. ವಯಸ್ಸಾದವರನ್ನು ಆಫೀಸು ಉಳಿಸಿಕೊಂಡರೆ ಅದು ವಿಧಿ. ತಾನಾಗಿ ಕೇಳಿ ಉಳಿದರೆ ಅದು ದ್ರೋಹ.

ದೊಡ್ಡಕ್ಕ ಯಾರಿಗೂ ಸ್ವಂತ ಅಕ್ಕ ಅಲ್ಲ. ಬಸುರಿಯರಿಗೆ ಬೆನ್ನಿಗಿಡಲು ತನ್ನ ದಿಂಬು ಕೊಡುತ್ತಿದ್ದಳು. ಎಲ್ಲರ ಊಟದ ಡಬ್ಬಿಗಳನ್ನು ಬಾಯ್ಲರ್ ಕೊಳವೆಯ ಮೇಲಿಟ್ಟು ಬಿಸಿ ಮಾಡುತ್ತಿದ್ದಳು, ಸೂಜಿಯದನ್ನು ಮೊದಲು. ಇವೆಲ್ಲ ಕುರ್ಚಿಯ ಕಾಲಿಗೆ ಹೊಡೆದ ಮೊಳೆಗಳು ಎಂದು ಸೂಜಿಗೆ ಈಗ ಹೊಳೆಯಿತು. ಕೆಲಸದಲ್ಲಿ ಏನಿದೆ? ಒಂದೊಂದು ಎಲೆಯನ್ನೂ ತನ್ನ ಎಡಚ ಕೈಯಲ್ಲಿ ಎತ್ತಿ, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿಯುವುದು. ಕಣ್ಣು ಮಂಜಾದವರ ಲಕ್ಷಣ ಅದು. ಸಂಜೆ ಬೆಲ್ಲಾದ ಮೇಲೂ ಅರ್ಧ ಗಂಟೆ, ಸೋಸಿದ ಸೊಪ್ಪು ಹರಡುವ ಅಟ್ಟದಲ್ಲಿ ಉಳಿಯುವುದು, ಮೆಟ್ಟಿಲಿಳಿಯಲು ಉಸಿರು ಸಾಲದೆ ಕೂತಿರಬೇಕು. "ಸೊಪ್ಪಿಗೆ ಜೋಗುಳ ಹಾಡಿ ಬರ್ತಾರೆ" ಎಂದು ರೇಡಿಯೋ ನಗಿಸುತ್ತಿದ್ದಳು.

ಅಪರಾಧದ ಯೋಚನೆ ಸೂಜಿಗೆ ಅದೇ ಮಧ್ಯಾಹ್ನ ಬಂತು. ಬಂದ ಕೂಡಲೇ ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಾದರೂ ಯೋಚನೆ ಹೋಗಲಿಲ್ಲ.

ಆ ದಿನಗಳಲ್ಲಿ ಮೇಜಿಗೆ ಬರುತ್ತಿದ್ದುದು ಕೆಮ್ಮಿನ ಸಿರಪ್ಪಿಗೆ ಬೇಕಾದ ನಕ್ಷತ್ರ ಸೊಪ್ಪು. ಬಿಳಿಯ ಪುಟ್ಟ ಹೂ ಬಿಡುವ, ನೆಲಕ್ಕೊರಗಿ ಹಬ್ಬುವ ಎಳೆ ಸೊಪ್ಪು ಅದು. ಅದರ ಜೊತೆಗೇ, ಅದೇ ಮಣ್ಣಿನಲ್ಲಿ, ಅಷ್ಟೇ ಎತ್ತರಕ್ಕೆ ಬೆಳೆಯುವ ಕಳೆಯೊಂದಿದೆ. ಪುಸ್ತಕದಲ್ಲಿ ಅದರ ಹೆಸರು ಪಿಂಪರ್ನೆಲ್, ಮೇಜಿನವರ ಬಾಯಲ್ಲಿ ಬಿಸಿಲುಗಣ್ಣಿ. ಬಿಸಿಲೇರಿದ ಮೇಲೆ, ಎಂಟು ಒಂಬತ್ತರ ಹೊತ್ತಿಗೆ, ಅಂಗಿಯ ಗುಂಡಿಯಷ್ಟಿರುವ ಐದೆಸಳಿನ ಕಿತ್ತಳೆಗೆಂಪು ಹೂವನ್ನು ಕಣ್ಣಿನಂತೆ ತೆರೆಯುತ್ತದೆ. ಮಧ್ಯಾಹ್ನ ಎರಡು ಮೂರಕ್ಕೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದ ದಿನ ತೆರೆಯುವುದೇ ಇಲ್ಲ. ಸೊಪ್ಪು ಕೀಳುವವರು ಬಟ್ಟೆ ಒಣಹಾಕುವ ಮೊದಲು ಆಕಾಶ ನೋಡುವುದಿಲ್ಲ, ಬಿಸಿಲುಗಣ್ಣಿಯನ್ನು ನೋಡುತ್ತಾರೆ.

ಹೂ ತೆರೆದಿದ್ದರೆ ಮಗುವೂ ಗುರುತು ಹಿಡಿಯುತ್ತದೆ. ಮುಚ್ಚಿದ್ದರೆ ಎರಡೇ ಗುರುತು. ನಕ್ಷತ್ರ ಸೊಪ್ಪಿನ ದಂಟು ದುಂಡಗೆ, ಒಂದು ಸಾಲು ಸಣ್ಣ ಕೂದಲು. ಬಿಸಿಲುಗಣ್ಣಿಯ ದಂಟಿಗೆ ನಾಲ್ಕು ಅಂಚು. ಜೊತೆಗೆ ಎಲೆಯ ಬೆನ್ನಿನಲ್ಲಿ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳು. ಸೂಜಿ ಚುಕ್ಕೆ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ದಂಟನ್ನು ಎರಡು ಬೆರಳ ನಡುವೆ ಉರುಳಿಸಿದರೆ ಅವಳಿಗೆ ಸಾಕು. ಅದು ತನ್ನ ಕೈಚಳಕ ಎಂದು ಅವಳಿಗೆ ಹೆಮ್ಮೆ.

ಪರೀಕ್ಷೆ ಕೋಣೆಯ ಸಾರ್ ವರ್ಷಕ್ಕೊಮ್ಮೆ ಮೇಜಿನವರನ್ನು ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದರು. ಲೆನ್ಸು ಸದಾ ಕೊರಳಲ್ಲೇ ನೇತಾಡುತ್ತಿದ್ದುದರಿಂದ ಬೆನ್ನ ಹಿಂದೆ ಅವರ ಹೆಸರು ಭೂತಗನ್ನಡಿ. "ಹಿಂದಿನ ಕಾಲದ ವೈದ್ಯರು ಇದನ್ನ ಕೊಂಡಾಡಿದ್ದಾರೆ. ಮನಸ್ಸಿಗೆ ಮಂಕು ಕವಿದವರಿಗೆ ಕೊಡ್ತಿದ್ರು, ಮೂರ್ಛೆಗೆ ಕೊಡ್ತಿದ್ರು, ಹುಚ್ಚುನಾಯಿ ಕಚ್ಚಿದರೂ ಇದೇ. ಜಜ್ಜಿ ಕಟ್ಟಿದ್ರೆ ಒಳಗೆ ಮುರಿದ ಮುಳ್ಳು ತಾನಾಗಿ ಹೊರಗೆ ಬರುತ್ತೆ ಅಂತ ನಂಬಿಕೆ. ಈಗ ಯಾರೂ ಹೊಟ್ಟೆಗೆ ಕೊಡಲ್ಲಮ್ಮಾ. ಕರುಳು ಕೆರೆಯುತ್ತೆ, ಮೂತ್ರಪಿಂಡ ಕೆಡಿಸುತ್ತೆ. ಮೇಕೆ ಕುರಿ ಮೇದು ಸತ್ತಿರೋದುಂಟು."

ಮೂರು ವರ್ಷದ ಹಿಂದೆ ಸಿರಪ್ಪಿನ ಒಂದು ಕಂತಿನಲ್ಲಿ ಅದು ಸೇರಿಬಿಟ್ಟಿತ್ತು. ಹದಿನಾಲ್ಕು ಮಕ್ಕಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದವು. ಪುಣ್ಯಕ್ಕೆ ಎಲ್ಲವೂ ಉಳಿದವು. ಅಂದಿನಿಂದ ನಿಯಮ ಬಿಗಿಯಾಯಿತು. ಸೋಸಿದ ಸೊಪ್ಪನ್ನು ಪ್ರತಿಯೊಬ್ಬಳೂ ಅಟ್ಟದಲ್ಲಿ ತನ್ನ ಬಲೆತಟ್ಟೆಯ ಮೇಲೆ ಹರಡಿ, ತಟ್ಟೆಗೆ ತನ್ನ ಇಂಗ್ಲಿಷ್ ಅಂಕಿ ಉಬ್ಬಿಸಿ ಒತ್ತಿದ ತಗಡು ಬಿಲ್ಲೆಯನ್ನು ತಂತಿಯಿಂದ ಕಟ್ಟಬೇಕು. ಮರುದಿನ ಬೆಳಿಗ್ಗೆ ಭೂತಗನ್ನಡಿ ಪ್ರತಿ ತಟ್ಟೆಯನ್ನೂ ನೋಡುತ್ತಾರೆ. ಮೂರು ದಂಟಿನವರೆಗೆ ಸಿಕ್ಕರೆ ಕಣ್ತಪ್ಪು, ಆ ಬಿಲ್ಲೆಯವಳು ಅಂದೇ ಮನೆಗೆ. ಒಂದು ಹಿಡಿ ಸಿಕ್ಕರೆ ಅದು ಕಣ್ತಪ್ಪಲ್ಲ, ಕೈಯಾರೆ ಮಾಡಿದ್ದು. ಆಗ ಪೊಲೀಸರಿಗೆ ಫೋನು. ಸೊಪ್ಪು ಒಣಗುವ ಕೋಣೆಗೆ ಹೋಗುತ್ತದೆ, ಬಿಲ್ಲೆ ತಂತಿ ಸಮೇತ ಮೇಜಿಗೆ ವಾಪಸು ಬರುತ್ತದೆ.

ಬಿಲ್ಲೆ ನಂಬರ್ ಒಂದು ದೊಡ್ಡಕ್ಕನದು, ಎರಡು ಸೂಜಿಯದು. ಬೆಳಿಗ್ಗೆ ತನ್ನ ಬಿಲ್ಲೆಯ ತಂತಿ ಬಿಚ್ಚುವಾಗಲೆಲ್ಲ ಸೂಜಿ ಗೊಣಗುತ್ತಿದ್ದಳು. ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳಬೇಕಾದ ತಂತಿ ಇನ್ನಷ್ಟು ಬಿಗಿಯುತ್ತಿತ್ತು. ಆಮೇಲೆ ಬೈದುಕೊಂಡು ಬಲಕ್ಕೆ ತಿರುಗಿಸುತ್ತಿದ್ದಳು. ಈಚೆಗೆ ಅಚ್ಚಿನ ಅಕ್ಷರ ಸಣ್ಣ, ಬಲ್ಬು ಮಂಕು, ತಂತಿಯೂ ಸೊಟ್ಟ. ಯಾವುದರಲ್ಲೂ ಮೊದಲಿನ ಹದ ಇರಲಿಲ್ಲ.

ಯೋಜನೆ ಸರಳವಾಗಿತ್ತು. ದೊಡ್ಡಕ್ಕನ ತಟ್ಟೆಯಲ್ಲಿ ಮೂರು ದಂಟು ಬಿಸಿಲುಗಣ್ಣಿ. ಮೂರೇ, ಹೆಚ್ಚಿಲ್ಲ. ಸೂಜಿ ರಾಕ್ಷಸಿಯಲ್ಲ. ಮುದುಕಿ ಮನೆಗೆ ಹೋಗಿ ಕಾಲು ಚಾಚಿ ಕೂರಲಿ, ಅಷ್ಟೆ. ಸಿರಪ್ಪಿಗೆ ಅದು ಸೇರುವ ಭಯವಿಲ್ಲ, ನಡುವೆ ಭೂತಗನ್ನಡಿಯ ಲೆನ್ಸಿದೆ. ದೊಡ್ಡಕ್ಕ ಕಂಡುಹಿಡಿಯುವ ಭಯವೂ ಇಲ್ಲ. ತಟ್ಟೆಗೆ ಹಾಕಿದ ತನ್ನ ಸೊಪ್ಪನ್ನು ಮತ್ತೆ ಕೆದಕುವುದು ಆ ಮೇಜಿನಲ್ಲಿ ಅವಮಾನ, ಸ್ವಂತ ಕಣ್ಣನ್ನೇ ನಂಬದಂತೆ.

ಗಿಡ ಬೇಕಾದಷ್ಟಿತ್ತು. ಬಾಯ್ಲರ್ ಕೋಣೆಯ ಹಿಂದೆ ಕೊಳವೆ ಹೂಳಲು ಅಗೆದು ಮುಚ್ಚಿದ್ದರು. ಬಿಸಿಲುಗಣ್ಣಿಯ ಬೀಜ ಮಣ್ಣೊಳಗೆ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ಯಾರಾದರೂ ನೆಲ ಮಗುಚಿ ಬೆಳಕು ತೋರಿಸಿದರೆ ಸಾಕು, ಎದ್ದುಬಿಡುತ್ತದೆ. ಈಗ ಅಗೆದಷ್ಟು ಉದ್ದಕ್ಕೂ, ಗೆರೆ ಎಳೆದಂತೆ, ಅದೇ ಹಬ್ಬಿತ್ತು. ಆ ಸಾಲನ್ನು ನೋಡುವಾಗ ಸೂಜಿಗೆ ಮೈ ಜುಂ ಎಂದಿತು. ತನ್ನೊಳಗೂ ಏನೋ ಅಷ್ಟೇ ವರ್ಷ ಮಲಗಿತ್ತು, ಒಂದು ಚೀಟಿ ಅದನ್ನು ಮಗುಚಿ ಹಾಕಿತ್ತು.

ಮೋಡದ ದಿನಕ್ಕಾಗಿ ಅವಳು ಕಾದಳು. ಹೂ ಮುಚ್ಚಿರಬೇಕು. ಇಲ್ಲವಾದರೆ ಕಿತ್ತು ತರುವಾಗಲೇ ಕೆಂಪು ಕಂಡುಬಿಡುತ್ತದೆ. ಒಂಬತ್ತು ದಿನ ಬಿಸಿಲು ಕಾಯಿತು. ಒಂಬತ್ತು ದಿನವೂ ಅವಳು ಬಾಯ್ಲರ್ ಕೋಣೆಯ ಮೂಲೆಯಿಂದ ಇಣುಕಿದಳು, ಒಂಬತ್ತು ದಿನವೂ ನೂರಾರು ಕೆಂಗಣ್ಣು ಅವಳನ್ನೇ ನೋಡಿದವು. ರಾತ್ರಿ ಊಟ ಸೇರಲಿಲ್ಲ. ಯಾರಾದರೂ ಹೆಸರು ಹಿಡಿದು ಕೂಗಿದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು. ದೊಡ್ಡಕ್ಕ ಅವಳ ಹಣೆ ಮುಟ್ಟಿ, "ಜ್ವರ ಇಲ್ಲ. ಕಣ್ಣು ಉರಿಯುತ್ತೇನೇ? ಒಂದ್ಸಲ ಕಣ್ಣು ಡಾಕ್ಟರಿಗೆ ತೋರಿಸಬಾರದಾ ನೀನು?" ಎಂದಳು. ಸೂಜಿಮೊನೆ ಎಂದು ಹೆಸರಾದ ಕಣ್ಣಿಗೇ ಈ ಮುದುಕಿ ಬೊಟ್ಟು ಮಾಡುತ್ತಿದ್ದಾಳೆ! ಸೂಜಿಯ ಮನಸ್ಸಿನಲ್ಲಿ ಉಳಿದಿದ್ದ ಅಳುಕಿನ ಕೊನೆಯ ಎಳೆಯೂ ಅಲ್ಲಿಗೆ ಹರಿಯಿತು.

ಹತ್ತನೆಯ ದಿನ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಬಿಸಿಲುಗಣ್ಣಿ ಕಣ್ಣು ತೆರೆಯಲಿಲ್ಲ.

ಕೈಗವಸು ಹಾಕುವ ಹಾಗಿರಲಿಲ್ಲ, ಅವುಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತಾರೆ. ಬರಿಗೈಯಲ್ಲೇ ಕಿತ್ತಳು. ಮೂರು ದಂಟಿಗೆಂದು ಬಗ್ಗಿದವಳು ಆರಿಸಲು ಹೊತ್ತಿಲ್ಲದೆ ಒಂದು ಹಿಡಿ ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು. ಉಳಿದದ್ದನ್ನು ಎಸೆದರಾಯಿತು. ಊಟದ ಬೆಲ್ಲಾದ ಮೇಲೆ ಎಲ್ಲರೂ ಡಬ್ಬಿ ಹಿಡಿದು ಹಿತ್ತಲಿಗೆ ಹೋದರು. ದೊಡ್ಡಕ್ಕನ ನಗು ಕಿಟಕಿಯಿಂದ ಕೇಳುತ್ತಿತ್ತು. ಅಟ್ಟಕ್ಕೆ ಹದಿನಾಲ್ಕು ಮೆಟ್ಟಿಲು. ಐದನೆಯದು ಕಿರುಗುಟ್ಟುತ್ತದೆ, ಅವಳು ಅದನ್ನು ದಾಟಿ ಕಾಲಿಟ್ಟಳು.

ಕಿಟಕಿಯ ಬಳಿಯ ತಟ್ಟೆಯ ಬಿಲ್ಲೆಯನ್ನು ಕೈ ಚಾಚಿ ದೂರ ಹಿಡಿದು ನೋಡಿದಳು, ಸಾಲದೆಂದು ಹೆಬ್ಬೆರಳಿನಿಂದಲೂ ತಡವಿದಳು. ನೇರ ಗೆರೆ. ಒಂದು. ಸಂದೇಹವಿಲ್ಲ. ಸೊಪ್ಪಿನ ಮೇಲುಪದರ ಎತ್ತಿ ಮೂರು ದಂಟು ಒಳಗಿಟ್ಟಳು.

ಹಾಗೆಯೇ ಇಳಿದು ಬಂದಿದ್ದರೆ ಕತೆ ಬೇರೆಯೇ ಆಗುತ್ತಿತ್ತೇನೋ. ಆದರೆ ಭೂತಗನ್ನಡಿಗೆ ಎರಡು ದಿನದಿಂದ ನೆಗಡಿ. ಕಣ್ಣಲ್ಲಿ ನೀರು ಸುರಿಯುತ್ತಿರುವುದನ್ನು ಅವಳು ಬೆಳಿಗ್ಗೆಯಷ್ಟೇ ನೋಡಿದ್ದಳು. ಮೂರು ದಂಟು ಅವರ ಕಣ್ಣಿಗೆ ಬೀಳದೆ ಹೋದರೆ? ಅದು ಒಣಗಿ, ಕುದ್ದು, ಸೋಸಿ, ಬಾಟ್ಲಿಗೆ ಹೋದರೆ? ಹದಿನಾಲ್ಕು ಮಕ್ಕಳು ಅವಳ ಕಣ್ಣ ಮುಂದೆ ಸಾಲಾಗಿ ಮಲಗಿದವು. ಕೈ ತಾನಾಗಿ ಜೇಬಿಗೆ ಹೋಯಿತು. ಕುರುಡನಿಗೂ ಕಾಣಬೇಕು, ಒಂದು ಮಗುವಿಗೂ ಮುಟ್ಟಬಾರದು. ಇಡೀ ಹಿಡಿಯನ್ನು ತುರುಕಿಬಿಟ್ಟಳು. ಹಿಡಿ ಎಂದರೆ ಪೊಲೀಸು ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು. ಆಗ ಐದನೆಯ ಮೆಟ್ಟಿಲನ್ನು ಮರೆತು ತುಳಿದಳು, ಅದು ಕಿರ್ ಎಂದಿತು. ಅರುವತ್ತೆರಡರ ಮುದುಕಿಯನ್ನು ಯಾವ ಪೊಲೀಸು ಹಿಡಿದುಕೊಂಡು ಹೋಗುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು.

ಮನೆಗೆ ಬಂದು ಮೊದಲು ಏಪ್ರನ್ ಒದರಿದಳು. ಬಿಸಿಲುಗಣ್ಣಿಯ ಕಾಯಿ ಮೆಣಸಿನಕಾಳಿನಷ್ಟು ದುಂಡಗೆ, ನಡುವಿಗೆ ಸುತ್ತಲೂ ಗೆರೆ. ಬಲಿತಾಗ ಮೇಲರ್ಧ ಕರಡಿಗೆಯ ಮುಚ್ಚಳದಂತೆ ಕಳಚಿ ಬೀಜ ಉದುರುತ್ತದೆ. ಒಂದೇ ಒಂದು ಬೀಜ ಜೇಬಿನ ಹೊಲಿಗೆಯಲ್ಲಿ ಉಳಿದರೂ ಕೆಟ್ಟೆ ಎಂದು ಜೇಬನ್ನು ಮಗುಚಿ ಬ್ರಷ್ಷಿನಿಂದ ಉಜ್ಜಿದಳು, ಬಿಸಿನೀರಲ್ಲಿ ಅದ್ದಿದಳು. ಅಡುಗೆಮನೆಯಲ್ಲಿ ಮಗಳು ಕೆಮ್ಮುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚಕ್ಕೆ ಸಿರಪ್ ಬಗ್ಗಿಸುತ್ತಿದ್ದಳು. ಸೂಜಿ ಓಡಿಹೋಗಿ ಚಮಚ ಕಿತ್ತುಕೊಂಡಳು.

"ಏನಮ್ಮಾ ಇದು! ನಿಮ್ಮ ಕಾರ್ಖಾನೆದೇ ಸಿರಪ್ಪು. ಹಳೇ ಬಾಟ್ಲಿ" ಎಂದಳು ಮಗಳು.

ಈ ಕೂಸು ಹುಟ್ಟಿ ಒಂದೂವರೆ ವರ್ಷ. ಹೆರಿಗೆ ಕಷ್ಟವಾಗಿ ತಾಯಿ ಮಗು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಸೂಜಿ ರಾತ್ರಿಯೆಲ್ಲ ಅಲ್ಲಿ ಕೂತು ಹಗಲು ಮೇಜಿಗೆ ಬರುತ್ತಿದ್ದಳು. ಅಷ್ಟು ನಿದ್ದೆಗೆಟ್ಟರೂ ತನ್ನ ತಟ್ಟೆಯಲ್ಲಿ ಒಂದು ದಂಟೂ ಸಿಕ್ಕಿರಲಿಲ್ಲ. ಸೂಜಿ ಎಂದರೆ ಸೂಜಿ.

ಬೆಳಿಗ್ಗೆ ಎದ್ದಾಗ ಎರಡೂ ಅಂಗೈ, ಬೆರಳ ಸಂದು ಕೆಂಪಗೆ ಗುಳ್ಳೆ ಎದ್ದಿದ್ದವು. ಅಷ್ಟು ವರ್ಷ ಮುಟ್ಟಿದ ಗಿಡ, ಆದರೆ ಹಿಡಿ ತುಂಬ ಹಿಸುಕಿ ಜೇಬಿಗೆ ತುರುಕಿದ್ದು ಅದೇ ಮೊದಲು. ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಜಿಗೆ ಬಂದಳು. ಬಚ್ಚಿಟ್ಟದ್ದು ದೊಡ್ಡಕ್ಕನಿಗೆ ಮೊದಲು ಕಂಡಿತು.

"ಏನೇ ಇದು ಕೈ?"

"ಹೊಸ ಸೋಪು, ದೊಡ್ಡಕ್ಕ. ಆಗಿಬಂದಿಲ್ಲ."

"ಸುಡುಗಾಡು ಸೋಪು. ತಾ ಇಲ್ಲಿ." ದೊಡ್ಡಕ್ಕ ಚೀಲದಿಂದ ಸಣ್ಣ ಸೀಸೆ ತೆಗೆದು ಬೆರಳ ಸಂದು ಸಂದಿಗೂ ಎಣ್ಣೆ ಸವರಿದಳು, ಉರಿಯದಂತೆ ಊದಿದಳು. ಎಲ್ಲರೂ ನೋಡಿದರು.

ಒಂಬತ್ತೂವರೆಗೆ ಐದನೆಯ ಮೆಟ್ಟಿಲು ಕಿರುಗುಟ್ಟಿತು. ಭೂತಗನ್ನಡಿ ಸಾರ್ ಬಟ್ಟಲು ಹಿಡಿದು ಇಳಿದರು, ಹಿಂದೆ ಮ್ಯಾನೇಜರ್. ಬಟ್ಟಲ ತುಂಬ ಬಾಡಿದ ಬಿಸಿಲುಗಣ್ಣಿ. ಸಾರ್ ಅದರ ಪಕ್ಕದಲ್ಲಿ ಬಿಲ್ಲೆಯೊಂದನ್ನು ಟಕ್ ಎಂದು ಇಟ್ಟು, "ಒಂದು ಹಿಡಿ. ಪೊಲೀಸರಿಗೆ ಫೋನ್ ಹೋಗಿದೆ" ಎಂದರು. ಬಿಲ್ಲೆ ಸೂಜಿಯ ಮೂಗಿನ ಕೆಳಗೇ ಇತ್ತು, ಮಸುಕಾಗಿ. ಹತ್ತು ದಿನ ಕನ್ನಡಿಯ ಮುಂದೆ ಒಪ್ಪ ಮಾಡಿಕೊಂಡ ಮಾತು ಹೆದರಿಕೆಯ ರಭಸಕ್ಕೆ ತಾನಾಗಿ ಹೊರಬಂತು. "ಬೇಡ ಸಾರ್, ಅವರ ವಯಸ್ಸು ನೋಡಿ. ಪಾಪ, ಕಣ್ಣು ಕಾಣಲ್ಲ ದೊಡ್ಡಕ್ಕನಿಗೆ. ಮನೆಗೆ ಕಳಿಸಿಬಿಡಿ, ಸಾಕು."

"ದೊಡ್ಡಕ್ಕನ ಹೆಸರು ಯಾರಮ್ಮ ಎತ್ತಿದ್ದು?" ಎಂದರು ಸಾರ್. "ಬಿಲ್ಲೆ ಓದಿ."

ಅವಳು ಬಿಲ್ಲೆಯನ್ನು ಎತ್ತಿ ಕೈ ಚಾಚಿ ಹಿಡಿದಳು. ಅಂಕಿ ತಿಳಿಯಲಿಲ್ಲ. ಹೆಬ್ಬೆರಳಿನಿಂದ ತಡವಿದಳು. ನೇರ ಗೆರೆ ಇರಬೇಕಾದಲ್ಲಿ ಬಾಗಿದ ಕತ್ತು, ಅಡಿಯಲ್ಲಿ ಅಡ್ಡ ಪಟ್ಟಿ. ಎರಡು. ಅಷ್ಟರಲ್ಲಿ ದೊಡ್ಡಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು. "ಅವಳದ್ದಲ್ಲ ಸಾರ್, ಆ ಸೊಪ್ಪು ನಾನು ಸೋಸಿದ್ದು. ಮಗಳ ಹೆರಿಗೆ ಆದಾಗಿಂದ ಇವಳ ಕಣ್ಣಿಗೆ ಚುಕ್ಕೆ ಬೀಳ್ತಿಲ್ಲ. ಹೇಳಿದ್ರೆ ನೊಂದ್ಕೋತಾಳೆ ಅಂತ ದಿನಾ ಸಂಜೆ ಅಟ್ಟದಲ್ಲಿ ಬಿಲ್ಲೆ ನಾನೇ ಬದಲಾಯಿಸ್ತಿದ್ದೆ. ನಿನ್ನೆ ಸಂಜೇನೂ ಅಷ್ಟೆ, ನನ್ನ ತಟ್ಟೆಗೆ ಅವಳ ಬಿಲ್ಲೆ, ಅವಳ ತಟ್ಟೆಗೆ ನಂದು. ಅವಳದ್ದನ್ನ ಇನ್ನೊಮ್ಮೆ ಸೋಸಿ, ಉಳಿದ ತಪ್ಪು ನನ್ನ ತಲೆಗೇ ಬರಲಿ ಅಂತ. ಇವಳಿಗೊಂದು ಕನ್ನಡಕ ಹಾಕಿಸೋವರೆಗೂ ನಾನು ಹೋಗೋ ಹಾಗಿರಲಿಲ್ಲ. ಆದ್ರೆ ಸಾರ್, ನಿನ್ನೆ ಊಟದ ಬೆಲ್ಲಿಗೆ ಮೊದಲು ನಾನು ತಟ್ಟೆಗೆ ಹಾಕಿದಾಗ ಅದರಲ್ಲಿ ಒಂದು ದಂಟೂ..." ಎಂದವಳ ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಬಿಲ್ಲೆ ಹಿಡಿದ ಕೈಗಳ ಮೇಲಿತ್ತು, ತಾನೇ ಎಣ್ಣೆ ಸವರಿದ ಕೆಂಪು ಬೆರಳುಗಳ ಮೇಲೆ. ಎಲ್ಲರ ಕಣ್ಣೂ ಅಲ್ಲಿಗೇ ಬಂತು. ಸೂಜಿ ಯಾರ ಮುಖವನ್ನೂ ನೋಡಲಿಲ್ಲ. ಅವಳ ಬೆರಳು ಬಿಲ್ಲೆಯಲ್ಲಿ ಇನ್ನೂ ನೇತಾಡುತ್ತಿದ್ದ ತಂತಿಯನ್ನು ಅಭ್ಯಾಸಬಲದಿಂದ ಎಡಕ್ಕೆ ತಿರುಗಿಸಿತು. ಅದು ಬಿಚ್ಚಲಿಲ್ಲ, ಬಿಗಿಯಿತು. ಒಂದೂವರೆ ವರ್ಷದಿಂದ ಪ್ರತಿ ಬೆಳಿಗ್ಗೆ ಬಿಗಿಯುತ್ತಿದ್ದಂತೆಯೇ, ಎಡಗೈಯವರು ತಿರುಚಿದ ತಂತಿ.